ಕೋವಿಯ ಮರವೂ ಅದರ ಮೆರುಗೂ

ಆಯುಧಗಳ ಚರಿತ್ರೆಯೆಂದು ನಮ್ಮಲ್ಲಿ ಪ್ರಚಾರದಲ್ಲಿರುವುದು ಬಹುಮಟ್ಟಿಗೆ ಲೋಹದ ಚರಿತ್ರೆ. ಕತ್ತಿಯ ಅಲಗು, ಫಿರಂಗಿಯ ಎರಕ, ಬಂದೂಕಿನ ನಳಿಗೆ ಇವುಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ನಳಿಗೆಯನ್ನು ಹೊತ್ತು, ಸಿಪಾಯಿಯ ಭುಜಕ್ಕೂ ಕೆನ್ನೆಗೂ ತಾಗಿ, ಅವನ ಬೆವರನ್ನು ಕುಡಿದ ಮರದ ಭಾಗದ ವಿಚಾರವಾಗಿ ಬರೆದವರು ವಿರಳ. ಹಿಂದೂಸ್ತಾನಿಯಲ್ಲಿ ಇದಕ್ಕೆ ಕುಂದಾ ಎಂದು ಹೆಸರು. ಕನ್ನಡದಲ್ಲಿ ಕೋವಿಯ ಮರ ಎಂದರೆ ಸಾಕು, ಅರ್ಥವಾಗುತ್ತದೆ. ನಳಿಗೆಯ ಮೇಲಿನ ಮುದ್ರೆಗಳು ಕಾರ್ಖಾನೆಯ ಹೆಸರನ್ನೂ ವರ್ಷವನ್ನೂ ಹೇಳುತ್ತವೆ. ಅದನ್ನು ಹಿಡಿದ ಮನುಷ್ಯನ ಸುದ್ದಿಯನ್ನು ಹೇಳಬಲ್ಲದ್ದು ಮರವೊಂದೇ. ಆ ಮರದ ಮೇಲಿನ ಹಳೆಯ ಮೆರುಗನ್ನು ತೆಗೆದು ಹೊಸ ಮೆರುಗನ್ನು ಕೊಡುವ ಕೆಲಸವು ಮೇಲ್ನೋಟಕ್ಕೆ ಬಡಗಿಯ ಸಣ್ಣ ಕೆಲಸ. ವಿಚಾರಮಾಡಿ ನೋಡಿದರೆ ಅದು ಒಂದು ದಾಖಲೆಯನ್ನು ಉಳಿಸುವ ಅಥವಾ ಅಳಿಸುವ ಕೆಲಸವೆಂಬುದು ತಿಳಿಯುತ್ತದೆ.

ಮರದ ಆಯ್ಕೆ

ಯುರೋಪಿನ ಬಂದೂಕು ಕಮ್ಮಾರರು ಶತಮಾನಗಳ ಅನುಭವದಿಂದ ಅಕ್ರೋಟದ ಮರವನ್ನು ಆರಿಸಿಕೊಂಡರು. ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಅಕ್ರೋಟವು ಗಟ್ಟಿಯಾಗಿದ್ದರೂ ಅತಿ ಭಾರವಲ್ಲ. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಪೆಟ್ಟನ್ನು ಸೀಳದೆ ತಾಳಿಕೊಳ್ಳುತ್ತದೆ. ಉಳಿಗೆ ಎಲ್ಲ ದಿಕ್ಕಿನಿಂದಲೂ ಒಲಿಯುತ್ತದೆ. ಚೆನ್ನಾಗಿ ಒಣಗಿಸಿದ ಮೇಲೆ ಮಳೆ ಬಿಸಿಲುಗಳಿಗೆ ಹೆಚ್ಚಾಗಿ ಸೊಟ್ಟಗಾಗುವುದಿಲ್ಲ. ಕೊನೆಯ ಗುಣವೇ ಮುಖ್ಯವಾದುದು. ಮರವು ಕೂದಲೆಳೆಯಷ್ಟು ಬಾಗಿ ನಳಿಗೆಯನ್ನು ಒಂದು ಪಕ್ಕದಿಂದ ಒತ್ತಿದರೂ ಗುರಿ ತಪ್ಪುವುದು. ಕಾಶ್ಮೀರದ ಅಕ್ರೋಟವೂ ಯುರೋಪಿನ ಅಕ್ರೋಟವೂ ಒಂದೇ ಜಾತಿಯ ಮರಗಳೆಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಅಮೆರಿಕದವರು ತಮ್ಮ ನೆಲದ ಕರಿ ಅಕ್ರೋಟವನ್ನು ಬಳಸಿದರು.

ಮರವನ್ನು ಕೆತ್ತುವ ಶ್ರಮವನ್ನು ಯಂತ್ರವು ಬೇಗನೆ ಕೈಗೆತ್ತಿಕೊಂಡಿತು. 1819ರಲ್ಲಿ ಅಮೆರಿಕದ ಥಾಮಸ್ ಬ್ಲಾಂಚರ್ಡ್ ಎಂಬವನು, ಮಾದರಿಯೊಂದನ್ನು ನೋಡಿ ಅದೇ ಆಕಾರವನ್ನು ಕೊರೆಯುವ ಚರಕಿಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. 1850ರ ದಶಕದಲ್ಲಿ ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆಯು ಅಮೆರಿಕದಿಂದ ಇಂತಹ ಯಂತ್ರಗಳನ್ನು ತರಿಸಿಕೊಂಡಿತು. ದಿನಗಟ್ಟಲೆ ನಡೆಯುತ್ತಿದ್ದ ಕೆತ್ತನೆಯು ನಿಮಿಷಗಳ ಕೆಲಸವಾಯಿತು. ಆದರೆ ಮೆರುಗಿನ ಕೆಲಸವು ಬಹುಕಾಲ ಎಣ್ಣೆಗೂ ಬಟ್ಟೆಗೂ ಮನುಷ್ಯನ ಅಂಗೈಗೂ ಸೇರಿದುದಾಗಿಯೇ ಉಳಿಯಿತು.

ಯುದ್ಧಗಳು ಬಂದಾಗಲೆಲ್ಲ ಅಕ್ರೋಟದ ಅಭಾವ ತಲೆದೋರಿತು. ಬೆಳೆದು ಬಲಿಯಲು ದಶಕಗಳನ್ನೂ ಒಣಗಲು ವರ್ಷಗಳನ್ನೂ ಬೇಡುವ ಮರವು ಸೇನಾಪತಿಗಳ ಆತುರಕ್ಕೆ ಸಿಕ್ಕುವುದುಂಟೆ? ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಬೀಚ್, ಬರ್ಚ್ ಮರಗಳನ್ನು ಬಳಸಿದರು. ಆಸ್ಟ್ರೇಲಿಯದ ಲಿತ್‌ಗೋ ಕಾರ್ಖಾನೆಯು ತನ್ನ ದೇಶದ ಕ್ವೀನ್ಸ್‌ಲ್ಯಾಂಡ್ ಮೇಪಲ್, ಕೋಚ್‌ವುಡ್ ಮರಗಳನ್ನು ಹಿಡಿಯಿತು. ಜರ್ಮನರು ತೆಳುವಾದ ಹಲಗೆಗಳನ್ನು ಅಂಟಿಸಿ ಒತ್ತಿದ ಮರಕ್ಕೆ ಬಂದರು. ಜಪಾನಿನವರು ಹಿಂಭಾಗವನ್ನು ಎರಡು ತುಂಡುಗಳಿಂದ ಜೋಡಿಸಿ ಮರವನ್ನು ಉಳಿಸಿದರು. ಹೀಗೆ ಒಂದು ರೈಫಲಿನ ಮರವನ್ನು ನೋಡಿಯೇ ಅದನ್ನು ತಯಾರಿಸಿದ ದೇಶವು ಯಾವ ಇಕ್ಕಟ್ಟಿನಲ್ಲಿತ್ತೆಂಬುದನ್ನು ಊಹಿಸಬಹುದು.

ಮೂರು ಬಗೆಯ ಮೆರುಗು

ಮೆರುಗಿನ ವಿಚಾರದಲ್ಲಿಯೂ ದೇಶದೇಶಗಳಿಗೆ ಭೇದವಿದೆ. ಇವುಗಳಲ್ಲಿ ಮೂರನ್ನು ಮುಖ್ಯವೆಂದು ಎಣಿಸಬಹುದು: ಅಗಸೆ ಎಣ್ಣೆ, ಅರಗು, ಜಪಾನಿನ ಉರುಶಿ.

ಬ್ರಿಟಿಷ್ ಸೈನ್ಯದ ರೈಫಲುಗಳಿಗೆ ಅಗಸೆ ಎಣ್ಣೆಯೇ ಮೆರುಗು. ಕಾರ್ಖಾನೆಯಲ್ಲಿ ಮರವನ್ನು ಎಣ್ಣೆಯಲ್ಲಿ ಅದ್ದುತ್ತಿದ್ದರು. ಆಮೇಲೆ ಸಿಪಾಯಿಯು ಕಾಲಕಾಲಕ್ಕೆ ತಾನೇ ಎಣ್ಣೆಯನ್ನು ತಿಕ್ಕಿ ಕಾಪಾಡಬೇಕಾಗಿತ್ತು. ಅಗಸೆ ಎಣ್ಣೆ ಒಣಗುವುದೆಂದರೆ ನೀರಿನಂತೆ ಆವಿಯಾಗಿ ಹೋಗುವುದಲ್ಲ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು, ತನ್ನ ಅಣುಗಳನ್ನು ಒಂದರೊಡನೊಂದು ಹೆಣೆದು, ಮರದ ರಂಧ್ರಗಳೊಳಗೆ ಗಟ್ಟಿಯಾಗುತ್ತದೆ. ಬಣ್ಣದಂತೆ ಮೇಲೆ ಕುಳಿತಿರದೆ ಮರದಲ್ಲಿ ಬೆರೆತುಹೋಗುವುದರಿಂದ ಕೆರೆದರೆ ಚಕ್ಕೆಯಾಗಿ ಏಳದು. ಹಳಸಿದಲ್ಲಿ ಹೊಸ ಎಣ್ಣೆಯನ್ನು ತಿಕ್ಕಿದರೆ ಹಳೆಯದರೊಡನೆ ಕೂಡಿಕೊಳ್ಳುತ್ತದೆ. ಇಂಗ್ಲೆಂಡಿನ ಬೇಟೆಕೋವಿಗಳ ಕುಶಲಕರ್ಮಿಗಳು ಈ ಎಣ್ಣೆಯಲ್ಲಿ ಅಲ್ಕನೆಟ್ ಎಂಬ ಬೇರನ್ನು ನೆನೆಸಿ ಮರಕ್ಕೆ ಕೆಂಬಣ್ಣವನ್ನು ಕೊಡುತ್ತಿದ್ದರು. ಕಾಶ್ಮೀರದ ಅಡಿಗೆಯಲ್ಲಿ ರತನ್‌ಜೋತ್ ಎಂಬ ಬೇರು ಮಾಡುವ ಕೆಲಸವೂ ಇಂತಹುದೇ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಗಸೆಬೀಜವನ್ನು ಹೊರದೇಶಗಳಿಗೆ ಕಳುಹಿಸುತ್ತಿದ್ದ ದೊಡ್ಡ ದೇಶಗಳಲ್ಲಿ ಹಿಂದೂಸ್ಥಾನವೂ ಒಂದು. ಮುಂಬಯಿ, ಕಲಕತ್ತೆಗಳ ಬಂದರುಗಳಿಂದ ಈ ಬೀಜವು ಇಂಗ್ಲೆಂಡಿನ ಗಾಣಗಳಿಗೆ ಹೋಗುತ್ತಿತ್ತು. ಧಾರವಾಡ ಸೀಮೆಯ ಮನೆಗಳಲ್ಲಿ ರೊಟ್ಟಿಗೆ ಚಟ್ನಿಪುಡಿಯಾಗುವ ಅಗಸೆಯೂ, ಸಾಮ್ರಾಜ್ಯದ ಬಂದೂಕುಗಳಿಗೆ ಮೆರುಗಾದ ಅಗಸೆಯೂ ಒಂದೇ ಬೆಳೆ. ವ್ಯಾಪಾರದ ಲೆಕ್ಕಪುಸ್ತಕಗಳು ಎಷ್ಟೋ ವೇಳೆ ಯುದ್ಧದ ಚರಿತ್ರೆಯ ಮೊದಲ ಅಧ್ಯಾಯಗಳಾಗಿರುತ್ತವೆ.

ರಷ್ಯದ ಮೋಸಿನ್ ರೈಫಲುಗಳ ಬರ್ಚ್ ಮರಕ್ಕೆ ಕೊಟ್ಟುದು ಅರಗಿನ ಮೆರುಗು. ಅರಗೆಂಬುದು ನಮ್ಮ ಕಾಡುಗಳ ಒಂದು ಸಣ್ಣ ಕೀಟವು ಮರದ ಕೊಂಬೆಗಳ ಮೇಲೆ ಸ್ರವಿಸುವ ಅಂಟು. ಛೋಟಾನಾಗಪುರದ ಕಾಡುಗಳು ಇದಕ್ಕೆ ಪ್ರಸಿದ್ಧವಾಗಿರುವುದರಿಂದ 1924ರಲ್ಲಿ ರಾಂಚಿಯ ಬಳಿಯ ನಾಮ್‌ಕುಮ್‌ನಲ್ಲಿ ಅರಗಿನ ಸಂಶೋಧನಾಲಯವು ಸ್ಥಾಪಿತವಾಯಿತು. ಕನ್ನಡಿಗರಿಗೆ ಅರಗಿನ ಮೆರುಗು ಚನ್ನಪಟ್ಟಣದ ಬೊಂಬೆಗಳಿಂದ ಪರಿಚಿತವಾದುದೇ. ಅಲ್ಲಿ ಚರಕಿಯ ಮೇಲೆ ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬಂದೂಕಿನ ಮರವು ದುಂಡಗಿಲ್ಲದ ಕಾರಣ ಅದನ್ನು ಹಾಗೆ ತಿರುಗಿಸಲು ಬಾರದು. ಅಲ್ಲಿ ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಬಳಿಯುವುದೇ ಕ್ರಮ. ಬೇಗನೆ ಒಣಗುವುದು ಇದರ ಗುಣ. ನೀರು ತಾಗಿದರೆ ಬೆಳ್ಳಗಾಗುವುದೂ, ಪೆಟ್ಟಿಗೆ ಚಕ್ಕೆಯೇಳುವುದೂ ಇದರ ದೋಷ.

ಜಪಾನಿನ ಅರಿಸಾಕಾ ರೈಫಲುಗಳಿಗೆ ಉರುಶಿ ಎಂಬ ಮರದ ಹಾಲನ್ನು ಬಳಿದರು. ಒದ್ದೆ ಹವೆಯಲ್ಲಿಯೇ ಗಟ್ಟಿಯಾಗುವ ಈ ವಿಚಿತ್ರ ದ್ರವ್ಯವು ಆ ದೇಶದ ಪೆಟ್ಟಿಗೆ, ಬಟ್ಟಲುಗಳ ಕಲೆಯಿಂದ ಬಂದುದು. ಮನೆಯ ಕಲೆಯನ್ನು ಯುದ್ಧವು ಎರವಲು ಪಡೆಯಿತೆನ್ನಬೇಕು.

ಈಶಾಪುರದ ಸಾಕ್ಷ್ಯ

ಕಲಕತ್ತೆಯ ಬಳಿಯ ಈಶಾಪುರದಲ್ಲಿ 1787ರಲ್ಲಿ ಮದ್ದಿನ ಕಾರ್ಖಾನೆ ಸ್ಥಾಪಿತವಾಯಿತು. 1904ರಿಂದ ಆ ಸ್ಥಳವು ರೈಫಲು ಕಾರ್ಖಾನೆಯಾಯಿತು. ಎರಡು ಮಹಾಯುದ್ಧಗಳಲ್ಲಿ ಭಾರತದ ಸಿಪಾಯಿಯ ಮುಖ್ಯ ಆಯುಧವಾಗಿದ್ದ .303 ಅಂಗುಲದ ಲೀ-ಎನ್‌ಫೀಲ್ಡ್ ರೈಫಲು ಇಲ್ಲಿ ತಯಾರಾಯಿತು. 1907ರಲ್ಲಿ ಅಂಗೀಕೃತವಾದ ಆ ಮಾದರಿಯ ಮರವನ್ನು ಸಾವಧಾನವಾಗಿ ಓದಿದರೆ ಒಂದು ಶಾಸನವನ್ನು ಓದಿದಂತಾಗುತ್ತದೆ.

ಭುಜಕ್ಕೊರಗುವ ಹಿಂದಿನ ತುಂಡನ್ನು ಹಲವು ಅಳತೆಗಳಲ್ಲಿ ಮಾಡುತ್ತಿದ್ದರು. ಸಾಧಾರಣ ಅಳತೆಗಿಂತ ಅರ್ಧ ಅಂಗುಲ ಉದ್ದವಾದುದಕ್ಕೆ ಎಲ್ ಎಂಬ ಅಕ್ಷರವನ್ನೂ, ಅರ್ಧ ಅಂಗುಲ ಗಿಡ್ಡವಾದುದಕ್ಕೆ ಎಸ್ ಎಂಬುದನ್ನೂ ಒತ್ತುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಐದಡಿ ಮೂರಂಗುಲಕ್ಕಿಂತ ಕುಳ್ಳಗಿದ್ದವರನ್ನೂ ಬ್ರಿಟನ್ ಸೈನ್ಯಕ್ಕೆ ಸೇರಿಸಿಕೊಂಡು ಬ್ಯಾಂಟಮ್ ಎಂಬ ಪಡೆಗಳನ್ನು ಕಟ್ಟಿತು. ಒಂದು ಅಂಗುಲ ಗಿಡ್ಡವಾದ ಬಿ ಅಕ್ಷರದ ತುಂಡು ಆ ಕಾಲದ್ದು. ಎತ್ತರದ ಆಳುಗಳು ತೀರುತ್ತ ಬಂದ ದೇಶದ ಸಂಕಟವೆಲ್ಲ ಆ ಒಂದು ಅಕ್ಷರದಲ್ಲಿ ಅಡಗಿದೆ. ಮರಗೆಲಸದವನ ಉಜ್ಜುಕಾಗದವು ಅದನ್ನು ಅಳಿಸಲು ಐದು ನಿಮಿಷ ಸಾಕು.

ಅದೇ ಮರದಲ್ಲಿ ದಳದ ಗುರುತನ್ನು ಕೆತ್ತಿದ ಒಂದು ಹಿತ್ತಾಳೆಯ ಬಿಲ್ಲೆ ಇರುತ್ತಿತ್ತು. ಯುದ್ಧದ ಅವಸರದಲ್ಲಿ, 1916ರ ಸುಮಾರಿಗೆ, ಅದನ್ನು ಕೈಬಿಟ್ಟರು. ಬಿಲ್ಲೆಯ ತಗ್ಗು ಇದೆಯೇ ಇಲ್ಲವೇ ಎಂಬುದರಿಂದಲೇ ಮರದ ಕಾಲವನ್ನು ಅಂದಾಜುಮಾಡಬಹುದು. ಹಿಂಬದಿಯ ಹಿತ್ತಾಳೆ ತಗಡಿನ ಸಣ್ಣ ಬಾಗಿಲೊಳಗೆ ಎಣ್ಣೆಯ ಬುಡ್ಡಿಯೂ ನಳಿಗೆಯನ್ನು ಉಜ್ಜುವ ಹುರಿಯೂ ಇರುತ್ತಿದ್ದುವು. ಈಶಾಪುರದ ರೈಫಲುಗಳಲ್ಲಿ ಮರ ಸೀಳದಿರಲೆಂದು ಮುಂದಿನ ತುಂಡಿಗೆ ಅಡ್ಡಲಾಗಿ ಹಾಕಿದ ತಿರುಪು ಕಾಣುತ್ತದೆ. ಸೀಳಿದ ಅಥವಾ ಸವೆದ ಜಾಗವನ್ನು ಕತ್ತರಿಸಿ ತೆಗೆದು ಅಲ್ಲಿಗೆ ಬೇರೊಂದು ಮರದ ತೇಪೆಯನ್ನು ಕೂರಿಸಿದ ಉದಾಹರಣೆಗಳು ಬೇಕಾದಷ್ಟಿವೆ. ತೇಪೆಯ ಬಣ್ಣವು ಬೇರೆಯಾಗಿರುವುದನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ಹರಿದ ಧೋತರಕ್ಕೆ ಮನೆಯಾಕೆ ಹಾಕಿದ ಹೊಲಿಗೆಯಂತೆ ಅದು ಬಡ ಸೈನ್ಯವೊಂದರ ಮಿತವ್ಯಯದ ಕುರುಹು.

ಇಂತಹ ರೈಫಲುಗಳ ಬಾಳು ಸ್ವಾತಂತ್ರ್ಯದೊಡನೆ ಮುಗಿಯಲಿಲ್ಲ. 1960ರ ದಶಕದಲ್ಲಿ ಈಶಾಪುರವು ಅದೇ ಮಾದರಿಯನ್ನು 7.62 ಮಿಲಿಮೀಟರಿನ ಗುಂಡಿಗೆ ಹೊಂದಿಸಿ ತಯಾರಿಸಿತು. ಸಾರ್ವಜನಿಕರ ಬೇಟೆಗೆಂದು .315 ಅಂಗುಲದ ರೈಫಲೂ ಅಲ್ಲಿಂದ ಬಂದಿತು. ಸೈನ್ಯವು ಬಿಟ್ಟ .303 ರೈಫಲುಗಳು ಪೋಲೀಸರ ಕೈಯಲ್ಲಿ ಬಹುಕಾಲ ಉಳಿದುವು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಪೋಲೀಸರಲ್ಲಿ ಕೆಲವರು ಸ್ವಯಂಚಾಲಿತ ಆಯುಧಗಳನ್ನು ಎದುರಿಸಬೇಕಾದುದು ಈ ಹಳೆಯ ರೈಫಲುಗಳಿಂದಲೇ. ಉತ್ತರಪ್ರದೇಶದ ಪೋಲೀಸರು ಇವಕ್ಕೆ ವಿಧಿವತ್ತಾಗಿ ವಿದಾಯ ಹೇಳಿದುದು 2020ರ ಗಣರಾಜ್ಯೋತ್ಸವದಂದು. ಇನ್ಸಾಸ್ ರೈಫಲಿನ ಕಾಲಕ್ಕೆ ಮರದ ಸ್ಥಾನವನ್ನು ಪ್ಲಾಸ್ಟಿಕ್ ಆಕ್ರಮಿಸಿತು. ಬಳಕೆಯಿಂದ ಹೋದ ಮರವು ಚರಿತ್ರೆಯ ವಸ್ತುವಾಗಿ ಉಳಿದಿದೆ.

ತೆಗೆಯುವ ಕ್ರಮ

ಹಳೆಯ ಮೆರುಗನ್ನು ತೆಗೆಯಲೇಬೇಕಾದ ಪ್ರಸಂಗಗಳು ಇಲ್ಲದಿಲ್ಲ. ಉಗ್ರಾಣಗಳಲ್ಲಿ ದಶಕಗಟ್ಟಲೆ ಇಟ್ಟ ರೈಫಲುಗಳ ಲೋಹಕ್ಕೆ ಬಳಿದ ದಪ್ಪ ಗ್ರೀಸು ಮರಕ್ಕೆ ಇಳಿದು ಅದನ್ನು ಕಪ್ಪಾಗಿಸುತ್ತದೆ. ಕೆಲವೆಡೆ ಅನಂತರದವರು ಬಳಿದ ಪೇಂಟು, ಗಾಜಿನಂತೆ ಹೊಳೆಯುವ ವಾರ್ನಿಷು ಮರದ ಉಸಿರನ್ನೇ ಕಟ್ಟಿರುತ್ತವೆ. ಅಂತಹ ಕಡೆ ನುರಿತವರು ಅನುಸರಿಸುವ ಕ್ರಮವು ಹೀಗಿದೆ.

ಆಯುಧದಲ್ಲಿ ಗುಂಡಿಲ್ಲವೆಂದು ಖಚಿತಮಾಡಿಕೊಳ್ಳುವುದು ಮೊದಲ ಕೆಲಸ. ಆಮೇಲೆ ಲೋಹದಿಂದ ಮರವನ್ನು ಬಿಡಿಸಬೇಕು. ಇಲ್ಲಿಯೇ ಮೊದಲ ಅನಾಹುತ ಕಾದಿರುತ್ತದೆ. ಲೀ-ಎನ್‌ಫೀಲ್ಡಿನ ಹಿಂದಿನ ತುಂಡನ್ನು ಹಿಡಿದಿರುವ ಉದ್ದ ಬೋಲ್ಟಿನ ತುದಿ ಚೌಕವಾಗಿದ್ದು, ಮುಂದಿನ ತುಂಡಿನ ಹಿಂಭಾಗದಲ್ಲಿರುವ ತಗಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಮುಂದಿನ ತುಂಡನ್ನು ತೆಗೆಯದೆ ಆ ಬೋಲ್ಟನ್ನು ತಿರುಗಿಸಿದರೆ ನೂರು ವರ್ಷ ಬಾಳಿದ ಮರವು ಕ್ಷಣಮಾತ್ರದಲ್ಲಿ ಸೀಳುತ್ತದೆ.

ಅನಂತರ ಮೆರುಗು ಯಾವುದೆಂಬುದನ್ನು ತಿಳಿಯಬೇಕು. ತಗಡಿನ ಅಡಿಯಲ್ಲಿ ಮುಚ್ಚಿಹೋಗುವ ಜಾಗವೊಂದರಲ್ಲಿ ಮದ್ಯಸಾರದಲ್ಲಿ ಅದ್ದಿದ ಬಟ್ಟೆಯನ್ನು ಒತ್ತಿದರೆ, ಅರಗಾಗಿದ್ದಲ್ಲಿ ಮೆತ್ತಗಾಗಿ ಅಂಟುತ್ತದೆ. ಒಣಗಿ ಬಲಿತ ಅಗಸೆ ಎಣ್ಣೆಯು ಅಷ್ಟು ಸುಲಭವಾಗಿ ಜಗ್ಗದು. ಅರಗನ್ನು ಮದ್ಯಸಾರದಿಂದಲೇ ಒರೆಸಿ ತೆಗೆಯಬಹುದು. ಗ್ರೀಸು ಕುಡಿದ ಮರಕ್ಕೆ ಸೀಮೆಸುಣ್ಣದ ಪುಡಿಯನ್ನು ತೈಲದ್ರಾವಕದಲ್ಲಿ ಕಲಸಿ ಮೆತ್ತುತ್ತಾರೆ. ದ್ರಾವಕವು ಗ್ರೀಸನ್ನು ಕರಗಿಸುತ್ತದೆ. ಒಣಗುವಾಗ ಪುಡಿಯು ಅದನ್ನು ಹೀರಿಕೊಳ್ಳುತ್ತದೆ. ನೋವಿಗೆ ಪಟ್ಟು ಹಾಕುವ ನಮ್ಮ ಅಜ್ಜಿಯರ ವಿಧಾನವನ್ನು ಇದು ಹೋಲುತ್ತದೆ. ಮತ್ತೆ ಮತ್ತೆ ಮಾಡಬೇಕಾದ, ತಾಳ್ಮೆ ಬೇಡುವ ಕೆಲಸವಿದು. ಆತುರಗಾರರು ಕಾಸ್ಟಿಕ್ ಸೋಡದ ನೀರಿನಲ್ಲಿ ಮರವನ್ನು ಅದ್ದುವುದುಂಟು. ಅದು ಕೊಳೆಯೊಡನೆ ಮರದ ಸಹಜವಾದ ಬಣ್ಣವನ್ನೂ ಸುಲಿದು, ನಾರುಗಳನ್ನು ಕೆದರಿಸಿ, ಜೀವವಿಲ್ಲದ ಕಟ್ಟಿಗೆಯನ್ನು ಹಿಂದಿರುಗಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಉಜ್ಜುಕಾಗದದ್ದು. ಅದು ಮುದ್ರೆಗಳನ್ನು ಅಳಿಸುತ್ತದೆ. ಚೂಪಾದ ಅಂಚುಗಳನ್ನು ದುಂಡಗಾಗಿಸುತ್ತದೆ. ಲೋಹದೊಡನೆ ಸಮತಟ್ಟಾಗಿದ್ದ ಮರವನ್ನು ತಗ್ಗಿಸಿ, ಮತ್ತೆ ಜೋಡಿಸಿದಾಗ ಲೋಹವು ಎದ್ದು ನಿಲ್ಲುವಂತೆ ಮಾಡುತ್ತದೆ. ತಗ್ಗುಬಿದ್ದ ಜಾಗವನ್ನು ಉಜ್ಜಿ ಸಮಮಾಡುವ ಅಗತ್ಯವೂ ಇಲ್ಲ. ಒದ್ದೆ ಬಟ್ಟೆಯನ್ನು ಹೊದಿಸಿ ಕಾದ ಇಸ್ತ್ರಿಯನ್ನು ಮುಟ್ಟಿಸಿದರೆ ಆವಿಯು ಒಳಹೊಕ್ಕು, ಜಜ್ಜಿ ಕುಗ್ಗಿದ ನಾರುಗಳು ಉಬ್ಬಿ ಮೇಲೇಳುತ್ತವೆ. ನಾರು ಹರಿದಿದ್ದರೆ ಮಾತ್ರ ಗಾಯವು ಉಳಿಯುತ್ತದೆ.

ಹೊಸ ಮೆರುಗನ್ನು ಕೊಡುವಾಗ ಎಣ್ಣೆ ಕಡಿಮೆಯಿರಬೇಕು, ದಿನ ಹೆಚ್ಚಿರಬೇಕು. ಪ್ರತಿ ಸಲವೂ ತೆಳುವಾಗಿ ಹಚ್ಚಿ, ಅಂಗೈಯಿಂದ ತಿಕ್ಕಿ, ಉಳಿದುದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮುಂದಿನ ಸಲ ಹಚ್ಚಬೇಕು. ದಪ್ಪನಾಗಿ ಬಳಿದ ಎಣ್ಣೆಯು ಮೇಲೆ ಕೆನೆಗಟ್ಟಿ ಒಳಗೆ ಅಂಟಾಗಿಯೇ ಉಳಿಯುತ್ತದೆ. ಇಂಗ್ಲೆಂಡಿನ ಹಳೆಯ ಕುಶಲಕರ್ಮಿಗಳು ಇದಕ್ಕೆ ಒಂದು ಲೆಕ್ಕವನ್ನಿಟ್ಟಿದ್ದರು: ಒಂದು ವಾರ ದಿನಕ್ಕೊಮ್ಮೆ, ಒಂದು ತಿಂಗಳು ವಾರಕ್ಕೊಮ್ಮೆ, ಒಂದು ವರ್ಷ ತಿಂಗಳಿಗೊಮ್ಮೆ, ಆಮೇಲೆ ಬಾಳಿರುವವರೆಗೂ ವರ್ಷಕ್ಕೊಮ್ಮೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಆಮ್ಲಜನಕವನ್ನು ಹೀರುವಾಗ ಅಗಸೆ ಎಣ್ಣೆಯು ಕಾವನ್ನು ಹೊರಬಿಡುತ್ತದೆ. ಮುದ್ದೆಯೊಳಗೆ ಕಾವು ಕೂಡಿದರೆ ಬಟ್ಟೆಯು ತಾನಾಗಿಯೇ ಹತ್ತಿಕೊಳ್ಳುತ್ತದೆ. ಅದನ್ನು ಹರವಿ ಬಯಲಿನಲ್ಲಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಕೊಡಗಿನ ಉದಾಹರಣೆ

ಕನ್ನಡನಾಡಿನಲ್ಲಿ ಕೋವಿಯು ಮನೆಯ ಸದಸ್ಯನಂತೆ ಬಾಳಿದ ಸೀಮೆಯೆಂದರೆ ಕೊಡಗು. 1857ರ ದಂಗೆಯ ತರುವಾಯ ದೇಶದ ಜನರಿಂದ ಆಯುಧಗಳನ್ನು ಕಿತ್ತುಕೊಂಡ ಸರ್ಕಾರವು ಕೊಡವರನ್ನು ಆ ಕಾನೂನಿನಿಂದ ಹೊರಗಿಟ್ಟಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನು ಈ ಸಂಬಂಧದ ಆಜ್ಞೆಯನ್ನು ಹೊರಡಿಸಿದನು. ಆ ರಿಯಾಯಿತಿಯು ಸ್ವತಂತ್ರ ಭಾರತದಲ್ಲಿಯೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಗಂಡುಮಗು ಹುಟ್ಟಿದಾಗ ಒಂದು ಗುಂಡನ್ನೂ ಸಾವಾದಾಗ ಎರಡು ಗುಂಡುಗಳನ್ನೂ ಹಾರಿಸಿ ಊರಿಗೆ ತಿಳಿಸುವುದು ಕೊಡವರ ಪದ್ಧತಿ. ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿ, ಕತ್ತಿಗಳನ್ನು ಶುಚಿಮಾಡಿ ತೋಕ್‌ಪೂ, ಎಂದರೆ ಕೋವಿಯ ಹೂ, ಎಂಬ ಅಗ್ನಿಶಿಖೆಯ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಇದರಲ್ಲಿ ಶ್ರದ್ಧೆಯೊಡನೆ ಒಂದು ಶಾಸ್ತ್ರೀಯ ಯುಕ್ತತೆಯೂ ಇದೆ. ಎಣ್ಣೆಯ ಮೆರುಗು ನೀರಾವಿಯನ್ನು ತಡಮಾಡಬಲ್ಲುದೇ ಹೊರತು ತಡೆಗಟ್ಟಲಾರದು. ಕೊಡಗಿನಂತಹ ಮಳೆನಾಡಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಮರವು ತೇವವನ್ನು ಹೀರಿ ಉಬ್ಬುತ್ತದೆ, ಲೋಹವು ತುಕ್ಕು ಹಿಡಿಯುತ್ತದೆ. ಮಳೆ ಇಳಿಯುವ ಹೊತ್ತಿಗೆ ಆಯುಧವನ್ನು ಹೊರತೆಗೆದು ಒರೆಸಿ ನೋಡಬೇಕೆಂದು ಯಾವ ಕುಶಲಕರ್ಮಿಯಾದರೂ ಹೇಳುವನು. ವರ್ಷಕ್ಕೊಮ್ಮೆ ಎಂಬ ಇಂಗ್ಲೆಂಡಿನವರ ಲೆಕ್ಕಕ್ಕೂ ಕೊಡಗಿನ ಹಬ್ಬದ ಲೆಕ್ಕಕ್ಕೂ ಹೆಚ್ಚು ದೂರವಿಲ್ಲ.

ಉಳಿಸುವುದೇ, ಹೊಸದಾಗಿಸುವುದೇ?

ಇಲ್ಲಿ ಎರಡು ಪಕ್ಷಗಳಿವೆ. ಹಳೆಯ ಮೆರುಗನ್ನು ಮುಟ್ಟಲೇಬಾರದೆಂಬುದು ಒಂದು ಪಕ್ಷ. ಇದಕ್ಕೆ ಆಧಾರವಿಲ್ಲದೆ ಇಲ್ಲ. ಎರಡನೆಯ ಮಹಾಯುದ್ಧದ ತರುವಾಯ ಉಳಿಕೆಯ ರೈಫಲುಗಳು ಅಮೆರಿಕದಲ್ಲಿ ಅಗ್ಗವಾಗಿ ಮಾರಾಟವಾದಾಗ, ಸಾವಿರಾರು ಜನರು ಅವುಗಳ ಮರವನ್ನು ಕತ್ತರಿಸಿ, ಉಜ್ಜಿ, ಹೊಳಪಿನ ವಾರ್ನಿಷನ್ನು ಬಳಿದು ಬೇಟೆಕೋವಿಗಳನ್ನಾಗಿಸಿದರು. ಮುಂದೆ ಅವೇ ರೈಫಲುಗಳು ವಿರಳವಾದಾಗ, ಅಳಿಸಿಹೋದುದನ್ನು ಮರಳಿ ತರುವ ಉಪಾಯವು ಯಾರಲ್ಲಿಯೂ ಇರಲಿಲ್ಲ. ತಾಮ್ರಶಾಸನವನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿ ಅಕ್ಷರಗಳನ್ನು ಸವೆಯಿಸಿದ ಪ್ರಸಂಗಗಳನ್ನು ಕೇಳಿದ ಶಾಸನಾಭ್ಯಾಸಿಗಳಿಗೆ ಈ ದುಃಖವು ಹೊಸದಲ್ಲ.

ಬಳಕೆಯ ವಸ್ತುವನ್ನು ಬಳಕೆಯ ಕ್ರಮದಲ್ಲಿಯೇ ಕಾಪಾಡಬೇಕೆಂಬುದು ಎರಡನೆಯ ಪಕ್ಷ. ಸಿಪಾಯಿಯು ವರ್ಷವರ್ಷವೂ ಎಣ್ಣೆ ತಿಕ್ಕಿದ ಮರಕ್ಕೆ ಈಗ ಎಣ್ಣೆಯನ್ನು ನಿಷೇಧಿಸಿದರೆ ಅದು ಭಕ್ತಿಯಾಗುವುದೇ ಹೊರತು ರಕ್ಷಣೆಯಾಗದು. ಓಲೆಗರಿಯ ಗ್ರಂಥಗಳಿಗೆ ಎಣ್ಣೆ ಸವರಿ ಉಳಿಸಿಕೊಂಡು ಬಂದವರೂ ನಮ್ಮ ಹಿರಿಯರೇ ಅಲ್ಲವೆ?

ಎರಡು ಪಕ್ಷಗಳಿಗೂ ಅವುಗಳ ಸ್ಥಾನವನ್ನು ಕೊಡುವುದು ಯುಕ್ತ. ಕಾರ್ಖಾನೆಯ ಮೆರುಗು, ಸೈನ್ಯದ ಮುದ್ರೆಗಳು, ದುರಸ್ತಿಯ ತೇಪೆಗಳು ಉಳಿದಿರುವ ಮರವನ್ನು ಮೃದುವಾದ ಬಟ್ಟೆಯಿಂದ ಒರೆಸುವುದಕ್ಕಿಂತ ಹೆಚ್ಚೇನನ್ನೂ ಮಾಡಬಾರದು. ಮನೆತನದಲ್ಲಿ ಬಳಕೆಯಲ್ಲಿರುವ ಕೋವಿಗೆ ಹಳೆಯ ಎಣ್ಣೆಯ ಮೇಲೆಯೇ ತೆಳುವಾಗಿ ಹೊಸ ಎಣ್ಣೆಯನ್ನು ತಿಕ್ಕಬೇಕು. ಹಳೆಯದನ್ನು ಸುಲಿಯುವ ಕಾರಣವೇ ಇಲ್ಲ. ಅನಂತರದವರ ಪೇಂಟು, ವಾರ್ನಿಷುಗಳಿಂದ ಹಾಳಾದ ಮರವನ್ನು ಮಾತ್ರ, ಮೊದಲು ಪ್ರತಿಯೊಂದು ಮುದ್ರೆಯ ಛಾಯಾಚಿತ್ರವನ್ನು ತೆಗೆದಿಟ್ಟುಕೊಂಡು, ದ್ರಾವಕದಿಂದ ಬಿಡಿಸಿ, ಅದಕ್ಕೆ ಮೂಲದಲ್ಲಿ ಇದ್ದ ಬಗೆಯ ಮೆರುಗನ್ನೇ ಕೊಡಬೇಕು. ಮಾಡಿದ ಕೆಲಸವನ್ನು ದಿನಾಂಕಸಹಿತ ಬರೆದಿಡಬೇಕು. ಲೆಕ್ಕಪುಸ್ತಕದಲ್ಲಿ ತಪ್ಪಾದ ಅಂಕಿಯನ್ನು ಕೆರೆದು ಅಳಿಸದೆ, ಓದುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯುವ ನಿಯಮವು ಇಲ್ಲಿಯೂ ಸಲ್ಲುತ್ತದೆ.

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ, ಪುಣೆಯ ಕೇಳಕರ್ ವಸ್ತುಸಂಗ್ರಹಾಲಯ, ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ, ಚೆನ್ನೈಯ ಸರ್ಕಾರಿ ವಸ್ತುಸಂಗ್ರಹಾಲಯ, ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಇವೆಲ್ಲವುಗಳಲ್ಲಿಯೂ ಆಯುಧಗಳ ಸಂಗ್ರಹವಿದೆ. ಹೊರನಾಡಿನ ಕನ್ನಡಿಗರಿಗೆ ಇವು ದೂರವಲ್ಲ. ಅಲ್ಲಿ ನೋಡುಗರ ಕಣ್ಣು ಸಾಮಾನ್ಯವಾಗಿ ಕತ್ತಿಯ ಹೊಳಪಿನ ಮೇಲೆ, ನಳಿಗೆಯ ಚಿನ್ನದ ಕೆಲಸದ ಮೇಲೆ ನಿಲ್ಲುತ್ತದೆ. ಮರದ ಮೇಲೆ ಹೆಬ್ಬೆರಳು ತಂಗುವಲ್ಲಿ ಸವೆದ ತಗ್ಗನ್ನೂ, ಕೆನ್ನೆ ತಾಗುವಲ್ಲಿ ಕಪ್ಪಾದ ಎಣ್ಣೆಯನ್ನೂ ಗಮನಿಸುವವರು ಕಡಿಮೆ. ಯುದ್ಧಗಳನ್ನು ಹೂಡಿದವರ ಹೆಸರುಗಳು ಗ್ರಂಥಗಳಲ್ಲಿ ಭದ್ರವಾಗಿವೆ. ಹೋರಾಡಿದವರಲ್ಲಿ ಬಹುಮಂದಿಯ ಗುರುತಾಗಿ ಉಳಿದಿರುವುದು ಆ ತಗ್ಗು, ಆ ಕಪ್ಪು ಇಷ್ಟೇ. ಅದನ್ನು ಉಜ್ಜಿ ತೆಗೆಯುವ ಮುನ್ನ ಕೈ ಒಂದು ಗಳಿಗೆ ತಡೆಯುವುದು ಒಳ್ಳೆಯದು.